ತೌರಾತ್, ಝಬೂರ್, ಇಂಜೀಲ್: ನೆರೆಯವರು ಕಂಡ ನಮ್ಮ ಪವಿತ್ರ ಗ್ರಂಥ



ಸೆಪ್ಟೆಂಬರ್ 8 ಬಂತೆಂದರೆ ನಮ್ಮ ಮನೆಗಳಲ್ಲಿ ಮೊಂತಿ ಹಬ್ಬದ ಸಡಗರ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಆ ತೆನೆಯ ಕಾಳನ್ನು ಹಾಲಿಗೋ ಪಾಯಸಕ್ಕೋ ಹಾಕಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿ ಊಟ ಮಾಡುತ್ತೇವೆ. ಇದು ಮಾತೆಯ ಜನನದ ಹಬ್ಬ.

ಆದರೆ ಒಂದು ಮಾತನ್ನು ನಾವು ಗಮನಿಸಿದ್ದೇವೆಯೇ? ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಈ ನಾಲ್ವರಲ್ಲಿ ಒಬ್ಬರೂ ಮರಿಯಮ್ಮನವರ ಜನನದ ಕಥೆಯನ್ನು ಬರೆದಿಲ್ಲ. ಜೋಕಿಂ ಮತ್ತು ಅನ್ನಮ್ಮ ಎಂಬ ತಂದೆತಾಯಿಯ ಹೆಸರು ನಮಗೆ ಬಂದಿರುವುದು ಎರಡನೇ ಶತಮಾನದಲ್ಲಿ ಬರೆಯಲಾದ, ಬೈಬಲಿನಲ್ಲಿ ಸೇರದ ಒಂದು ಪುಸ್ತಕದಿಂದ. ಅದನ್ನು ಯಕೋಬನ ಹೆಸರಿನ ಆದಿ ಶುಭಸಂದೇಶ ಎನ್ನುತ್ತಾರೆ. ಮರಿಯಮ್ಮನವರ ಜನನವನ್ನು ಹೇಳುವ ಇನ್ನೊಂದು ಗ್ರಂಥವೂ ಇದೆ. ಅದು ನಮ್ಮ ಮುಸ್ಲಿಂ ನೆರೆಯವರ ಕುರ್‌ಆನ್. ಅದರ ಮೂರನೆಯ ಅಧ್ಯಾಯದಲ್ಲಿ ಇಮ್ರಾನನ ಪತ್ನಿ ತನ್ನ ಗರ್ಭದ ಕೂಸನ್ನು ದೇವರಿಗೆ ಹರಕೆ ಹೊರುತ್ತಾಳೆ. ಹುಟ್ಟಿದ್ದು ಹೆಣ್ಣು ಮಗು. ಅದಕ್ಕೆ ಮರಿಯಮ್ ಎಂದು ಹೆಸರಿಡುತ್ತಾಳೆ. ಜಕರೀಯನು ಆ ಮಗುವಿನ ಪೋಷಕನಾಗುತ್ತಾನೆ. ಕುರ್‌ಆನಿನ 19ನೇ ಅಧ್ಯಾಯಕ್ಕೆ ಆ ತಾಯಿಯ ಹೆಸರೇ ಇದೆ. ಇಡೀ ಕುರ್‌ಆನಿನಲ್ಲಿ ಹೆಸರು ಹೇಳಿ ಕರೆದಿರುವ ಸ್ತ್ರೀ ಆಕೆಯೊಬ್ಬಳೇ.

ಹೀಗಿದ್ದರೂ ಅದೇ ನೆರೆಮನೆಯ ಹುಡುಗ ನಮ್ಮ ಹುಡುಗನನ್ನು ಶಾಲೆಯ ಅಂಗಳದಲ್ಲಿ ಕೇಳುವುದುಂಟು: "ನಿಮ್ಮ ಬೈಬಲನ್ನು ಬದಲಿಸಿದ್ದಾರಂತೆ, ಹೌದಾ?" ನಮ್ಮ ಮಗ ಮನೆಗೆ ಬಂದು ಅಪ್ಪನನ್ನು ಕೇಳುತ್ತಾನೆ. ಅಪ್ಪನಿಗೂ ಉತ್ತರ ಗೊತ್ತಿಲ್ಲ. ಕೆಲವರು ಸಿಟ್ಟಾಗುತ್ತಾರೆ. ಇನ್ನು ಕೆಲವರು "ಎಲ್ಲಾ ಒಂದೇ ಬಿಡು" ಎಂದು ಜಾರಿಕೊಳ್ಳುತ್ತಾರೆ. ಸಿಟ್ಟಿನಿಂದಲೂ ಜಾರಿಕೊಳ್ಳುವುದರಿಂದಲೂ ಆ ಮಗುವಿಗೆ ಉತ್ತರ ಸಿಗುವುದಿಲ್ಲ. ಮುಸ್ಲಿಮರು ನಮ್ಮ ಗ್ರಂಥವನ್ನು ನಿಜವಾಗಿ ಹೇಗೆ ಕಾಣುತ್ತಾರೆ, ಅದು ಹೇಗೆ ಬೆಳೆದು ಬಂತು, ನಾವು ಏನು ಹೇಳಬೇಕು ಎಂಬುದನ್ನು ಈ ಹಬ್ಬದ ಹೊತ್ತಿನಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಹಂಗಾರಕಟ್ಟೆಯ ಅಳಿವೆಯಲ್ಲಿ

ದೂರದ ಅರಬ್ಬಸ್ಥಾನಕ್ಕೆ ಹೋಗುವ ಮೊದಲು ನಮ್ಮ ಹಂಗಾರಕಟ್ಟೆಯ ದಕ್ಕೆಯಲ್ಲಿ ಒಮ್ಮೆ ನಿಲ್ಲೋಣ. ಎದುರಿಗೆ ಕೋಡಿಬೆಂಗ್ರೆ, ಅದರಾಚೆ ಸಮುದ್ರ. ಬಾರಕೂರಿನ ಕಡೆಯಿಂದ ಸೀತಾನದಿ, ಕಲ್ಯಾಣಪುರದ ಕಡೆಯಿಂದ ಸ್ವರ್ಣಾನದಿ ಬಂದು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಒಂದು ಕಾಲದಲ್ಲಿ ಬಾರಕೂರು ತುಳುನಾಡಿನ ರಾಜಧಾನಿ. ಅಲ್ಲಿಗೆ ಬರುವ ಹಡಗುಗಳಿಗೆಲ್ಲ ಈ ಅಳಿವೆಯೇ ಹೆಬ್ಬಾಗಿಲು. ಅರಬ್ಬರು ಬಾರಕೂರನ್ನು ಫಾಕನೂರ್ ಎಂದು ಕರೆದರು, ಪೋರ್ಚುಗೀಸರು ಬಾಕನೂರ್ ಎಂದರು.

1342ರ ಸುಮಾರಿಗೆ ಮೊರಾಕ್ಕೊ ದೇಶದ ಪ್ರಯಾಣಿಕ ಇಬ್ನ್ ಬತೂತಾ ಈ ಫಾಕನೂರಿಗೆ ಬಂದನು. ಇಲ್ಲಿಯ ಕಬ್ಬನ್ನು ಅವನು ಬಹಳ ಹೊಗಳಿದ್ದಾನೆ. ಇಲ್ಲಿಯ ಅರಸ ಬಾಸದೇವ ಮುಸ್ಲಿಮನಲ್ಲ. ಆದರೂ ಅವನ ಸುಮಾರು ಮೂವತ್ತು ಯುದ್ಧನೌಕೆಗಳ ದಳಪತಿ ಮುಸ್ಲಿಮನಾಗಿದ್ದ. ಊರಿನಲ್ಲಿ ಮುಸ್ಲಿಮರಿಗೊಬ್ಬ ಮುಖಂಡ, ಒಬ್ಬ ಖಾಜಿ, ಒಬ್ಬ ಖತೀಬ, ಶುಕ್ರವಾರದ ನಮಾಜಿಗೆ ಒಂದು ಜುಮಾ ಮಸೀದಿ ಇದ್ದವು. ಮಲಿಕ್ ದೀನಾರರ ಸಂಗಡಿಗರು ಈ ಕರಾವಳಿಯಲ್ಲಿ ಕಟ್ಟಿಸಿದರೆಂದು ಪರಂಪರೆ ಹೇಳುವ ಮಸೀದಿಗಳ ಪಟ್ಟಿಯಲ್ಲೂ ಫಾಕನೂರಿನ ಹೆಸರಿದೆ. ಹೀಗೆ ಸುಮಾರು ಏಳುನೂರು ವರ್ಷಗಳ ಹಿಂದೆಯೇ ಈ ನೀರಿನ ದಂಡೆಯಲ್ಲಿ ಕುರ್‌ಆನ್ ಪಠಣ ನಡೆಯುತ್ತಿತ್ತು. ಅದರಲ್ಲಿ ಮೋಶೆಯ, ದಾವೀದನ, ಯೇಸುವಿನ, ಮರಿಯಮ್ಮನವರ ಹೆಸರುಗಳೂ ಕೇಳಿಬರುತ್ತಿದ್ದವು.

ಅದೇ ಪ್ರಯಾಣದಲ್ಲಿ ಇಬ್ನ್ ಬತೂತಾ ಕೊಲ್ಲಂಗೆ ಹೋಗುವ ದಾರಿಯಲ್ಲಿ ಯೆಹೂದ್ಯರು ವಾಸವಾಗಿದ್ದ ಒಂದು ಊರನ್ನೂ ಕಂಡನು. ಅವನಿಗಿಂತ ಇನ್ನೂರು ವರ್ಷ ಮೊದಲು ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕ ಸುಮಾರು 17 ವರ್ಷ, 1132ರಿಂದ 1149ರ ತನಕ, ನೆಲೆಸಿದ್ದನು. ಉತ್ತರ ಆಫ್ರಿಕದಿಂದ ಬಂದ ಈತ ಅರಬ್ಬೀ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆಯುತ್ತಿದ್ದನು. ಅವನ ವ್ಯಾಪಾರದ ಪತ್ರಗಳು ಕೈರೋದ ಹಳೆಯ ಯೆಹೂದ್ಯ ಪ್ರಾರ್ಥನಾಮಂದಿರದ ಕಡತಗಳಲ್ಲಿ ಉಳಿದು ಬಂದಿವೆ. ಅವನ ನೌಕರನೊಬ್ಬನ ಹೆಸರು ಬೊಮ್ಮ. ಅಂದರೆ ನಮ್ಮ ಕರಾವಳಿಯವನೇ. ಯೆಹೂದ್ಯ, ಮುಸ್ಲಿಂ, ಹಿಂದೂ ವರ್ತಕರು ಒಂದೇ ಹಡಗಿನಲ್ಲಿ ಸರಕು ಹೇರಿ, ಒಬ್ಬರ ಮಾತನ್ನು ಒಬ್ಬರು ನಂಬಿ ವ್ಯಾಪಾರ ಮಾಡಿದ ಕಾಲವದು. ಮುಂದೆ ಗೋವೆಯಿಂದ ನಮ್ಮ ಹಿರಿಯರೂ ಶುಭಸಂದೇಶವನ್ನು ಹೊತ್ತು ಇದೇ ದಂಡೆಗೆ ಬಂದರು. ಮೂರು ಜನಾಂಗಗಳ ಮೂರು ಗ್ರಂಥಗಳು ಈ ಕರಾವಳಿಗೆ ಹೊಸತಲ್ಲ.

ಕುರ್‌ಆನ್ ಏನನ್ನು ಹೇಳುತ್ತದೆ?

ನಮ್ಮ ಊರಿನ ಮದ್ರಸಾದಲ್ಲಿ ಕಲಿಯುವ ಮಗುವಿಗೆ ಉಸ್ತಾದರು ಮೊದಲಿಗೆ ಕಲಿಸುವ ಪಾಠಗಳಲ್ಲಿ ಈಮಾನಿನ ಆರು ವಿಷಯಗಳಿವೆ. ಅವುಗಳಲ್ಲೊಂದು ದೇವರು ಇಳಿಸಿದ ಗ್ರಂಥಗಳಲ್ಲಿ ನಂಬಿಕೆ. ಮೂಸಾ ನಬಿಗೆ ಅಂದರೆ ಮೋಶೆಗೆ ತೌರಾತ್, ದಾವೂದ್ ನಬಿಗೆ ಅಂದರೆ ದಾವೀದನಿಗೆ ಝಬೂರ್, ಈಸಾ ನಬಿಗೆ ಅಂದರೆ ಯೇಸುವಿಗೆ ಇಂಜೀಲ್, ಕೊನೆಗೆ ಪ್ರವಾದಿ ಮುಹಮ್ಮದರಿಗೆ ಕುರ್‌ಆನ್. ಇವುಗಳಲ್ಲಿ ಯಾವುದೊಂದನ್ನು ದೇವರಿಂದ ಬಂದದ್ದಲ್ಲ ಎಂದರೂ ಆತ ವಿಶ್ವಾಸಿಯಲ್ಲ. ಮುಸ್ಲಿಂ ಮನೆಗಳಲ್ಲಿ ಇಬ್ರಾಹಿಂ, ಯೂಸುಫ್, ಮೂಸಾ, ಝಕರಿಯಾ, ಯಹ್ಯಾ, ಮರಿಯಮ್ ಎಂಬ ಹೆಸರುಗಳನ್ನು ಇಡುವುದು ಇದೇ ಗೌರವದಿಂದ. ನಮ್ಮ ಅಬ್ರಹಾಂ, ಜೋಸೆಫ್, ಮೋಸೆಸ್, ಜಕರಿಯಾಸ್, ಜೋನ್, ಮೇರಿ ಇವರೇ ಅಲ್ಲವೇ?

ಐದನೆಯ ಅಧ್ಯಾಯದಲ್ಲಿ ಕುರ್‌ಆನ್ ತೌರಾತಿನಲ್ಲೂ ಇಂಜೀಲಿನಲ್ಲೂ ಮಾರ್ಗದರ್ಶನ ಮತ್ತು ಬೆಳಕು ಇದೆಯೆಂದು ಹೇಳುತ್ತದೆ. ಇಂಜೀಲಿನವರು ಅದರಲ್ಲಿ ದೇವರು ಇಳಿಸಿದ್ದಕ್ಕೆ ಅನುಸಾರವಾಗಿ ತೀರ್ಪು ಮಾಡಲಿ ಎನ್ನುತ್ತದೆ. ಹತ್ತನೆಯ ಅಧ್ಯಾಯದಲ್ಲಿ, ಸಂದೇಹ ಬಂದರೆ ಹಿಂದಿನಿಂದ ಗ್ರಂಥವನ್ನು ಓದುತ್ತಿರುವವರನ್ನು ಕೇಳು ಎಂಬ ಮಾತಿದೆ. 21ನೇ ಅಧ್ಯಾಯದಲ್ಲಿ, ಸಜ್ಜನರೇ ಭೂಮಿಗೆ ಬಾಧ್ಯರಾಗುವರೆಂದು ಝಬೂರಿನಲ್ಲಿ ಬರೆದಿದೆ ಎಂದು ನೆನಪಿಸುತ್ತದೆ. ನಮ್ಮ 37ನೇ ಕೀರ್ತನೆಯನ್ನು ಬಲ್ಲವರಿಗೆ ಅದು ಕೂಡಲೇ ಹೊಳೆಯುತ್ತದೆ. ಯೆಹೂದ್ಯರನ್ನೂ ಕ್ರೈಸ್ತರನ್ನೂ ಕುರ್‌ಆನ್ ಅಹ್ಲುಲ್ ಕಿತಾಬ್, ಅಂದರೆ ಗ್ರಂಥದವರು, ಎಂದು ಕರೆಯುತ್ತದೆ. 29ನೇ ಅಧ್ಯಾಯದಲ್ಲಿ ಅವರೊಂದಿಗೆ ವಾದಿಸುವುದಿದ್ದರೆ ಉತ್ತಮ ರೀತಿಯಲ್ಲೇ ವಾದಿಸಿ ಎಂದು ಕಟ್ಟುನಿಟ್ಟು ಮಾಡುತ್ತದೆ.

ಇದು ಒಂದು ಕಡೆ. ಇನ್ನೊಂದು ಕಡೆಯೂ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅದೇ ಕುರ್‌ಆನ್ ಗ್ರಂಥದವರಲ್ಲಿ ಕೆಲವರು ಮಾತುಗಳನ್ನು ಅವುಗಳ ಸ್ಥಾನದಿಂದ ತಿರುಚಿದರು, ಕೆಲವರು ತಮ್ಮ ಕೈಯಿಂದ ಬರೆದು ಇದು ದೇವರದ್ದೆಂದರು ಎಂದೂ ದೂರುತ್ತದೆ. ಯೇಸು ಶಿಲುಬೆಯ ಮೇಲೆ ಸತ್ತರೆಂಬುದನ್ನು ಅದು ಒಪ್ಪುವುದಿಲ್ಲ. ಅವರು ದೇವರ ಸುತರೆಂಬುದನ್ನೂ ಒಪ್ಪುವುದಿಲ್ಲ. ನಮ್ಮ ನಾಲ್ಕು ಶುಭಸಂದೇಶಗಳಲ್ಲಿ ಇವೆರಡೂ ಸ್ಪಷ್ಟವಾಗಿ ಬರೆದಿರುವುದರಿಂದ, ಕುರ್‌ಆನ್ ಹೇಳುವ ಇಂಜೀಲ್ ಮತ್ತು ನಮ್ಮ ಕೈಯಲ್ಲಿರುವ ಶುಭಸಂದೇಶ ಒಂದೇ ಆಗಿರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಮುಸ್ಲಿಂ ವಿದ್ವಾಂಸರಿಗೆ ಎದುರಾಯಿತು. ಶಾಲೆಯ ಅಂಗಳದಲ್ಲಿ ಆ ಹುಡುಗ ಕೇಳಿದ ಪ್ರಶ್ನೆಯ ಬೇರು ಇಲ್ಲಿದೆ.

ಬದಲಾದದ್ದು ಅಕ್ಷರವೋ, ಅರ್ಥವೋ?

ಈ ತಿರುಚುವಿಕೆಗೆ ಅರಬ್ಬೀಯಲ್ಲಿ ತಹ್ರೀಫ್ ಎನ್ನುತ್ತಾರೆ. ಎಲ್ಲ ಮುಸ್ಲಿಮರೂ ಇದನ್ನು ಒಂದೇ ರೀತಿಯಲ್ಲಿ ತಿಳಿದುಕೊಂಡಿಲ್ಲ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಒಂದು ಪಕ್ಷದವರು ಗ್ರಂಥದ ಅಕ್ಷರವೇ ಬದಲಾಗಿದೆ ಎಂದರು. ಇವರಲ್ಲಿ ಪ್ರಬಲನಾದವನು ಸ್ಪೇನಿನ ಕೊರ್ಡೊಬಾದ ಇಬ್ನ್ ಹಝ್ಮ್ (994-1064). ಹಳೆಯ ಒಡಂಬಡಿಕೆಯ ವಂಶಾವಳಿಗಳನ್ನೂ ಸಂಖ್ಯೆಗಳನ್ನೂ, ನಾಲ್ಕು ಶುಭಸಂದೇಶಗಳ ನಡುವಣ ವ್ಯತ್ಯಾಸಗಳನ್ನೂ ಒಂದೊಂದಾಗಿ ಹೆಕ್ಕಿ ಬರೆದವನು ಆತ. ಇನ್ನೊಂದು ಪಕ್ಷದವರು ಅಕ್ಷರ ಹಾಗೆಯೇ ಇದೆ, ತಿರುಚಿದ್ದು ಅರ್ಥವನ್ನು ಎಂದರು. ದೊಡ್ಡ ವ್ಯಾಖ್ಯಾನಕಾರ ಫಖ್ರುದ್ದೀನ್ ರಾಝಿ (ಮರಣ 1210), ಇಷ್ಟೊಂದು ದೇಶಗಳಲ್ಲಿ ಇಷ್ಟೊಂದು ಜನರ ಕೈಯಲ್ಲಿ ಹರಡಿರುವ ಗ್ರಂಥವನ್ನು ಎಲ್ಲರೂ ಸೇರಿ ಬದಲಿಸುವುದಾದರೂ ಹೇಗೆ ಎಂಬ ವಾದವನ್ನು ಮುಂದಿಟ್ಟನು. ಹದಿನೈದನೇ ಶತಮಾನದಲ್ಲಿ ಕೈರೋದ ಅಲ್ ಬಿಕಾಈ ಎಂಬ ವಿದ್ವಾಂಸ ಕುರ್‌ಆನಿಗೆ ವ್ಯಾಖ್ಯಾನ ಬರೆಯುವಾಗ ಬೈಬಲಿನಿಂದಲೇ ಉದ್ದುದ್ದ ಭಾಗಗಳನ್ನು ಎತ್ತಿಕೊಂಡನು. ಅದನ್ನು ಆಕ್ಷೇಪಿಸಿದವರಿಗೆ ಉತ್ತರವಾಗಿ ಇನ್ನೊಂದು ಪುಸ್ತಕವನ್ನೇ ಬರೆದನು.

ಇಲ್ಲಿ ನಾವು ನಮ್ಮ ಮನೆಯ ಕಡೆಗೂ ನೋಡಬೇಕು. ಹಿಂದಿನವರು ಗ್ರಂಥವನ್ನು ತಿದ್ದಿದರೆಂಬ ಆರೋಪವನ್ನು ಮೊದಲು ಮಾಡಿದವರು ಮುಸ್ಲಿಮರಲ್ಲ. ಎರಡನೇ ಶತಮಾನದಲ್ಲಿ ನಮ್ಮ ರಕ್ತಸಾಕ್ಷಿ ಸಂತ ಜಸ್ಟಿನರೇ, ಯೆಹೂದ್ಯರು ಕ್ರಿಸ್ತರನ್ನು ಕುರಿತ ಮಾತುಗಳನ್ನು ಗ್ರಂಥದಿಂದ ಕಿತ್ತುಹಾಕಿದ್ದಾರೆಂದು ಬರೆದರು. ಅದು ಸರಿಯಲ್ಲವೆಂದು ಇಂದು ನಮಗೆ ಗೊತ್ತಿದೆ. ಇದಕ್ಕೆ ಉತ್ತಮ ದಾರಿ ತೋರಿಸಿದವರು ಸಂತ ಜೆರೋಮರು. ಇದೇ ಸೆಪ್ಟೆಂಬರ್ 30ರಂದು ನಾವು ಅವರ ಹಬ್ಬ ಆಚರಿಸುತ್ತೇವೆ. ಅವರು ದೂರುತ್ತಾ ಕೂರಲಿಲ್ಲ; ಯೆಹೂದ್ಯ ಗುರುಗಳ ಬಳಿ ಹೀಬ್ರೂ ಕಲಿತು, ಬೆತ್ಲೆಹೇಮಿನಲ್ಲಿ ಕುಳಿತು, ಮೂಲದಿಂದಲೇ ಹಳೆಯ ಒಡಂಬಡಿಕೆಯನ್ನು ಲತೀನಿಗೆ ತಂದರು. ನೆರೆಯವನ ಗ್ರಂಥದ ಬಗ್ಗೆ ಮಾತನಾಡುವ ಮೊದಲು ನೆರೆಯವನಿಂದ ಕಲಿಯಬೇಕೆಂಬುದು ಅವರು ಬಿಟ್ಟುಹೋದ ಪಾಠ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸೋಣ. ನಮಗಿಂತ ಹಿಂದಿನವರಾದ ಯೆಹೂದ್ಯರ ಗ್ರಂಥವನ್ನು ನಾವು ಹಾಗೆಯೇ ಉಳಿಸಿಕೊಂಡೆವು. ಅದೇ ರಟ್ಟಿನೊಳಗೆ ಹಳೆಯದೂ ಇದೆ, ಹೊಸದೂ ಇದೆ. ಭಾನುವಾರದ ಬಲಿಪೂಜೆಯಲ್ಲಿ ಎರಡನ್ನೂ ಓದುತ್ತೇವೆ. ಮುಸ್ಲಿಮರು ಹಿಂದಿನ ಗ್ರಂಥಗಳನ್ನು ಗೌರವಿಸಿದರೂ ಅವುಗಳನ್ನು ಕುರ್‌ಆನಿನ ಜೊತೆಗೆ ಕಟ್ಟಿಕೊಳ್ಳಲಿಲ್ಲ. ಹಿಂದಿನ ಗ್ರಂಥಗಳಲ್ಲಿ ಬೇಕಾದ ಸತ್ಯವೆಲ್ಲ ಕುರ್‌ಆನಿನಲ್ಲೇ ಇದೆ, ಅದೇ ಅವುಗಳ ಕಾವಲು ಎಂಬುದು ಅವರ ನಂಬಿಕೆ. ಆದ್ದರಿಂದಲೇ ಇಂಜೀಲನ್ನು ಮನಸಾರೆ ಗೌರವಿಸುವ ಮುಸ್ಲಿಂ ಮಿತ್ರನು ಅದನ್ನು ತೆರೆದು ಓದಿರುವುದು ಅಪರೂಪ.

ನಮ್ಮ ದೇಶದಲ್ಲಿ ನಡೆದದ್ದು

ಈ ಗೌರವ ಮತ್ತು ಸಂದೇಹ ಎರಡನ್ನೂ ಒಟ್ಟಿಗೆ ಕಾಣಬೇಕಾದರೆ ಅಕ್ಬರನ ಆಸ್ಥಾನಕ್ಕೆ ಹೋಗಬೇಕು. ಬಾದಶಹನ ಕರೆಯ ಮೇರೆಗೆ 1579ರ ನವೆಂಬರಿನಲ್ಲಿ ಗೋವೆಯಿಂದ ಮೂವರು ಯೇಸುಸಭೆಯ ಗುರುಗಳು ಹೊರಟು 1580ರಲ್ಲಿ ಫತೇಪುರ್ ಸಿಕ್ರಿ ತಲುಪಿದರು. ಅವರ ಮುಖಂಡರು ರೊಡೊಲ್ಫೊ ಅಕ್ವಾವೀವಾ. ಅವರು ಕಾಣಿಕೆಯಾಗಿ ಒಯ್ದದ್ದು ಆಂಟ್ವೆರ್ಪ್ ನಗರದಲ್ಲಿ ಅಚ್ಚಾದ, ಹಲವು ಭಾಷೆಗಳನ್ನು ಅಕ್ಕಪಕ್ಕದಲ್ಲಿ ಮುದ್ರಿಸಿದ ದೊಡ್ಡ ಬೈಬಲ್. ಜೊತೆಗಿದ್ದ ಗುರು ಮೊನ್ಸೆರಾತ್ ಬರೆದಿಟ್ಟಂತೆ, ಅಕ್ಬರನು ಆ ಸಂಪುಟಗಳನ್ನು ಮುತ್ತಿಟ್ಟು ತಲೆಯ ಮೇಲೆ ಇಟ್ಟುಕೊಂಡನು. ಶುಭಸಂದೇಶ ಇರುವ ಸಂಪುಟ ಯಾವುದೆಂದು ಕೇಳಿ, ಅದಕ್ಕೆ ಇನ್ನೊಮ್ಮೆ ಮುತ್ತಿಟ್ಟನು. ಇದು ಇಂಜೀಲಿಗೆ ಮುಸ್ಲಿಂ ಮನೆತನದ ಅರಸನೊಬ್ಬ ತೋರಿಸಿದ ಭಕ್ತಿ. ಆದರೆ ಅದೇ ಆಸ್ಥಾನದಲ್ಲಿ ಮೌಲ್ವಿಗಳೊಂದಿಗೆ ನಡೆದ ಚರ್ಚೆಗಳಲ್ಲಿ ತಕ್ಷಣ ಎದ್ದ ಪ್ರಶ್ನೆ, ಈ ಪುಸ್ತಕ ಆ ಇಂಜೀಲೇ ಹೌದೇ ಎಂಬುದು. ಅಕ್ವಾವೀವಾ ಗೋವೆಗೆ ಮರಳಿದ ಮೇಲೆ 1583ರಲ್ಲಿ ಕುಂಕಳ್ಳಿಯಲ್ಲಿ ರಕ್ತಸಾಕ್ಷಿಯಾದರು. ಮುಂದೆ ಸಂತ ಫ್ರಾನ್ಸಿಸ್ ಸಾವೆರರ ಬಂಧು ಜೆರೋಮ್ ಸಾವೆರ್ ಎಂಬ ಗುರುಗಳು ಅಕ್ಬರನಿಗಾಗಿ 1602ರಲ್ಲಿ ಯೇಸುವಿನ ಚರಿತ್ರೆಯನ್ನು ಪಾರ್ಸಿ ಭಾಷೆಯಲ್ಲಿ ಬರೆದುಕೊಟ್ಟರು. ಅದಕ್ಕೆ ಸಹಾಯ ಮಾಡಿದವನು ಲಾಹೋರಿನ ಮುಸ್ಲಿಂ ವಿದ್ವಾಂಸ ಅಬ್ದುಸ್ ಸತ್ತಾರ್.

ಎರಡನೆಯ ಘಟನೆ 1854ರ ಏಪ್ರಿಲಿನಲ್ಲಿ ಆಗ್ರಾದಲ್ಲಿ ನಡೆಯಿತು. ಒಂದು ಕಡೆ ಬಾಸೆಲಿನಲ್ಲಿ ತರಬೇತಿ ಪಡೆದ ಜರ್ಮನ್ ಮಿಷನರಿ ಫಾಂಡರ್. 1834ರಲ್ಲಿ ಮಂಗಳೂರಿಗೆ ಮಿಷನರಿಗಳನ್ನು ಕಳುಹಿಸಿದ ಬಾಸೆಲ್ ಮಿಷನ್ ಇದೇ. ಇನ್ನೊಂದು ಕಡೆ ಮೌಲಾನಾ ರಹ್ಮತುಲ್ಲಾ ಕೈರಾನವಿ. ವಿಷಯ: ಬೈಬಲ್ ಬದಲಾಗಿದೆಯೇ? ಮೌಲಾನಾ ಅವರ ಗೆಳೆಯ ವೈದ್ಯ ವಝೀರ್ ಖಾನ್ ಯುರೋಪಿನ ಬೈಬಲ್ ವಿದ್ವಾಂಸರ ಪುಸ್ತಕಗಳನ್ನೇ ಓದಿ ಬಂದಿದ್ದರು. ಹಸ್ತಪ್ರತಿಗಳಲ್ಲಿ ಪಾಠಭೇದಗಳಿವೆಯೆಂದು ಫಾಂಡರ್ ಒಪ್ಪಿಕೊಳ್ಳಬೇಕಾಯಿತು. ಎರಡೇ ದಿನದಲ್ಲಿ ವಾದ ನಿಂತಿತು. ಇಂದಿಗೂ ನಮ್ಮ ನೆರೆಯವರು ಹೇಳುವ ವಾದಗಳಲ್ಲಿ ಹಲವು ರಹ್ಮತುಲ್ಲಾ ಆಮೇಲೆ ಬರೆದ ಪುಸ್ತಕದಿಂದ ಹರಿದು ಬಂದವು.

ಆದರೆ ಅದೇ ಕಾಲದಲ್ಲಿ ಇನ್ನೊಬ್ಬ ಮುಸ್ಲಿಂ ಹಿರಿಯರು ಬೇರೆ ದಾರಿ ಹಿಡಿದರು. ಅಲಿಗಢದ ವಿದ್ಯಾಸಂಸ್ಥೆಯನ್ನು ಕಟ್ಟಿದ ಸರ್ ಸಯ್ಯದ್ ಅಹ್ಮದ್ ಖಾನ್ 1860ರ ದಶಕದಲ್ಲಿ ಬೈಬಲಿಗೇ ಒಂದು ವ್ಯಾಖ್ಯಾನ ಬರೆಯಲು ಕುಳಿತರು. ಬದಲಾದದ್ದು ಮುಖ್ಯವಾಗಿ ಅರ್ಥ, ಅಕ್ಷರವಲ್ಲ ಎಂದು ಅವರ ಅಭಿಪ್ರಾಯ. ಒಂದೇ ದೇಶ, ಒಂದೇ ತಲೆಮಾರು, ಒಂದೇ ಧರ್ಮ, ಎರಡು ಉತ್ತರ. ಆದ್ದರಿಂದ "ಮುಸ್ಲಿಮರೆಲ್ಲ ಹೀಗೇ ಹೇಳುತ್ತಾರೆ" ಎಂದು ನಾವು ಹೇಳುವಂತಿಲ್ಲ.

ನಾವು ಏನು ಹೇಳಬೇಕು?

ಮೊದಲನೆಯದಾಗಿ, ಹೆದರಬೇಕಾದದ್ದೇನೂ ಇಲ್ಲ. ಪ್ರವಾದಿ ಮುಹಮ್ಮದರು ಜೀವಿಸಿದ್ದು ಸುಮಾರು 570ರಿಂದ 632ರ ತನಕ. ವ್ಯಾಟಿಕನ್ ಗ್ರಂಥಾಲಯದಲ್ಲಿರುವ ಗ್ರೀಕ್ ಬೈಬಲ್ ಹಸ್ತಪ್ರತಿ ನಾಲ್ಕನೇ ಶತಮಾನದ್ದು. ಸೀನಾಯಿ ಮಠದಿಂದ ಬಂದ ಇನ್ನೊಂದೂ ಅದೇ ಶತಮಾನದ್ದು. 1947ರಿಂದ ಮೃತಸಮುದ್ರದ ದಂಡೆಯ ಗುಹೆಗಳಲ್ಲಿ ಸಿಕ್ಕ ಸುರುಳಿಗಳಲ್ಲಿ, ಯೇಸು ಹುಟ್ಟುವ ಮೊದಲೇ ಬರೆದ ಯೆಶಾಯನ ಇಡೀ ಗ್ರಂಥವಿದೆ. ಅಂದರೆ ಕುರ್‌ಆನ್ ಗೌರವಿಸಿದ ಕಾಲದಲ್ಲಿ ಕ್ರೈಸ್ತರ ಕೈಯಲ್ಲಿ ಇದ್ದ ಬೈಬಲ್ ಇಂದು ನಮ್ಮ ಮನೆಯ ಪೀಠದ ಬಳಿ ಇರುವ ಬೈಬಲೇ.

ಎರಡನೆಯದಾಗಿ, ಸುಳ್ಳು ಹೇಳಬಾರದು. ಕೈಬರಹದ ಪ್ರತಿಗಳಲ್ಲಿ ಪಾಠಭೇದಗಳು ಇವೆ. ಮಾರ್ಕನ ಶುಭಸಂದೇಶದ ಕೊನೆಯ ಹನ್ನೆರಡು ವಚನಗಳು, ಯೊವಾನ್ನನ ಶುಭಸಂದೇಶದಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಸ್ತ್ರೀಯ ಪ್ರಸಂಗ ಅತಿ ಹಳೆಯ ಪ್ರತಿಗಳಲ್ಲಿ ಕಾಣುವುದಿಲ್ಲ. ಇದನ್ನು ಧರ್ಮಸಭೆ ಬಚ್ಚಿಟ್ಟಿಲ್ಲ. ಬೈಬಲ್ ಆವೃತ್ತಿಗಳ ಅಡಿಟಿಪ್ಪಣಿಗಳಲ್ಲಿ ಇದನ್ನು ಬಹಿರಂಗವಾಗಿಯೇ ಹೇಳಲಾಗಿದೆ. ಇವುಗಳಿಂದ ನಮ್ಮ ವಿಶ್ವಾಸದ ಒಂದು ಸತ್ಯವೂ ಅಲುಗಾಡುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮುಸ್ಲಿಂ ಮಿತ್ರನು "ಯೇಸುವಿಗೆ ಇಳಿದ ಇಂಜೀಲ್ ಎಲ್ಲಿ?" ಎಂದು ಕೇಳುವಾಗ, ಆತ ಕುರ್‌ಆನ್ ಇಳಿದ ಹಾಗೆ ಯೇಸುವಿಗೂ ಒಂದು ಪುಸ್ತಕ ಇಳಿಯಿತೆಂದು ತಿಳಿದಿದ್ದಾನೆ. ನಾವು ಹಾಗೆ ತಿಳಿದಿಲ್ಲ. ಯೇಸು ಪುಸ್ತಕವನ್ನು ತರಲಿಲ್ಲ, ಬರೆಯಲೂ ಇಲ್ಲ. ಕಂಡವರು ಸಾರಿದರು, ಲೂಕನು ತಾನು ಆದಿಯಿಂದ ಎಲ್ಲವನ್ನೂ ವಿಚಾರಿಸಿ ಬರೆದೆನೆಂದು ತನ್ನ ಮೊದಲ ಸಾಲುಗಳಲ್ಲೇ ಹೇಳುತ್ತಾನೆ. ಪವಿತ್ರಾತ್ಮರ ಪ್ರೇರಣೆಯಿಂದ ಮನುಷ್ಯರು ತಮ್ಮ ಮಾತಿನಲ್ಲಿ ಬರೆದರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ನಮ್ಮ ಧರ್ಮ ಒಂದು ಪುಸ್ತಕದ ಧರ್ಮವಲ್ಲ, ಮನುಷ್ಯರಾದ ಜೀವಂತ ವಾಕ್ಯದ ಧರ್ಮ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ (108) ಹೇಳುತ್ತದೆ. ಮುಸ್ಲಿಮರಿಗೆ ದೇವರ ವಾಕ್ಯ ಗ್ರಂಥವಾಯಿತು. ನಮಗೆ ದೇವರ ವಾಕ್ಯ ಮಾತೆ ಮರಿಯಮ್ಮನವರ ಉದರದಲ್ಲಿ ಮನುಷ್ಯರಾದರು. ನಮ್ಮ ನಡುವಣ ನಿಜವಾದ ವ್ಯತ್ಯಾಸ ಇದು. ಅಕ್ಷರಗಳ ಜಗಳ ಅದರ ಮುಂದೆ ಸಣ್ಣದು.

ಸಹೋದರ ಸಹೋದರಿಯರೇ, ನಮ್ಮ ಮನೆಗಳಲ್ಲಿ 1784ರ ನೆನಪು ಇನ್ನೂ ಇದೆ. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, 1799ರ ತನಕ ಅವರು ಪಟ್ಟ ಪಾಡು ಸುಳ್ಳಲ್ಲ. ಆದರೆ ಅರಸನೊಬ್ಬನ ದಂಡು ಮಾಡಿದ್ದನ್ನು ಇಂದು ನಮ್ಮ ಪಕ್ಕದ ಮನೆಯವರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಹಿಂದಿನ ಕಲಹಗಳನ್ನು ಮರೆತು ಪರಸ್ಪರ ಅರಿತುಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿ ಎಂದು ಅದೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ನಮಗೆ ಅಪ್ಪಣೆ ಕೊಟ್ಟಿದೆ. ಮುಸ್ಲಿಮರು ಯೇಸುವನ್ನು ದೇವರೆಂದು ಒಪ್ಪದಿದ್ದರೂ ಪ್ರವಾದಿಯೆಂದು ಗೌರವಿಸುತ್ತಾರೆ, ಅವರ ಕನ್ಯಾಮಾತೆಯನ್ನು ಮಾನ್ಯಮಾಡುತ್ತಾರೆ ಎಂದೂ ಆ ಘೋಷಣೆ ನೆನಪಿಸಿದೆ.

ಹಾಗಾದರೆ ಶಾಲೆಯ ಅಂಗಳದಿಂದ ಬಂದ ನಮ್ಮ ಮಗನಿಗೆ ಏನು ಹೇಳೋಣ? "ಮಗಾ, ಅವನು ನಮ್ಮ ಇಂಜೀಲನ್ನು ಬೈಯಲಿಲ್ಲ. ಅದು ದೇವರಿಂದ ಬಂದದ್ದೆಂದು ನಂಬುವವನಾದ್ದರಿಂದಲೇ ಅದು ಕೆಟ್ಟಿತಲ್ಲಾ ಎಂದು ಕೇಳಿದ. ನಮ್ಮದು ಕೆಟ್ಟಿಲ್ಲ ಎಂದು ಅವನಿಗೆ ಮೆಲ್ಲಗೆ ಹೇಳು. ಆದರೆ ಹೇಳುವ ಮೊದಲು ನೀನು ಅದನ್ನು ಒಮ್ಮೆ ಓದು." ಈ ಕೊನೆಯ ಮಾತೇ ನಮಗೆ ಕಷ್ಟದ್ದು. ನಮ್ಮ ಎಷ್ಟು ಮನೆಗಳಲ್ಲಿ ಬೈಬಲ್ ಮದುವೆಯ ದಿನ ಬಂದ ಹಾಗೆಯೇ ಕಪಾಟಿನಲ್ಲಿದೆ! ಬದಲಾಗದ ಗ್ರಂಥವನ್ನು ತೆರೆಯದೇ ಇಡುವುದೂ ಒಂದು ಬಗೆಯ ತಿರುಚುವಿಕೆಯೇ ಅಲ್ಲವೇ? ಅಕ್ಬರನು ತಲೆಯ ಮೇಲೆ ಇಟ್ಟುಕೊಂಡ ಗ್ರಂಥವನ್ನು ನಾವು ದಿನಕ್ಕೆ ಹತ್ತು ನಿಮಿಷ ಮಡಿಲಲ್ಲಾದರೂ ಇಟ್ಟುಕೊಳ್ಳಬಾರದೇ?

ಹಂಗಾರಕಟ್ಟೆಯ ಅಳಿವೆಯಲ್ಲಿ ಸೀತೆಯೂ ಸ್ವರ್ಣೆಯೂ ಕೂಡುತ್ತವೆ. ಎರಡೂ ಒಂದೇ ನದಿ ಎಂದು ಯಾವ ದೋಣಿಯವನೂ ಹೇಳುವುದಿಲ್ಲ. ಆದರೆ ಒಂದರ ನೀರಿನಲ್ಲಿರುವವನು ಇನ್ನೊಂದರ ನೀರಿನಲ್ಲಿರುವವನನ್ನು ಹಗೆಯೆಂದೂ ಎಣಿಸುವುದಿಲ್ಲ. ಈ ವರ್ಷದ ತೆನೆ ಹಬ್ಬದಲ್ಲಿ ಹೊಸ ಅಕ್ಕಿಯ ಪಾಯಸ ಮಾಡಿದಾಗ ಒಂದು ಪಾತ್ರೆ ಮುಸ್ಲಿಂ ನೆರೆಮನೆಗೂ ಹೋಗಲಿ. ಮರಿಯಮ್ ಎಂಬ ಹೆಸರು ಆ ಮನೆಯಲ್ಲೂ ಗೊತ್ತು. ಅಲ್ಲಿಂದ ಪ್ರಶ್ನೆ ಬಂದರೆ ನಮ್ಮ ಬಳಿ ಸತ್ಯದ, ಸೌಮ್ಯವಾದ ಉತ್ತರ ಇರಲಿ. ವಾಕ್ಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಧ್ಯಾನಿಸಿದ ಆ ಮಾತೆ, ನಾವೂ ವಾಕ್ಯವನ್ನು ಓದಿ, ನಂಬಿ, ಬದುಕುವಂತೆ ತಮ್ಮ ಸುತನಲ್ಲಿ ನಮಗಾಗಿ ಪ್ರಾರ್ಥಿಸಲಿ. ಎಲ್ಲರಿಗೂ ಮೊಂತಿ ಹಬ್ಬದ ಶುಭಾಶಯಗಳು.